ಬೆಂಕಿಗೆ ಬಗ್ಗದ ಬಿಳಿ ಮಣ್ಣು

ಕೆರೆಮಣ್ಣು ಮತ್ತು ಪಿಂಗಾಣಿಗೆ ಬಳಸುವ ಬಿಳಿ ಮಣ್ಣಾದ ಕೆಯೊಲಿನ್, ಎರಡನ್ನೂ ಒಂದೇ ಭಟ್ಟಿಗೆ ಹಾಕಿ ನೋಡಬೇಕೆಂಬ ಆಸೆ ನನಗೆ ಬಹಳ ದಿನದ್ದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಗೆಳೆಯನೊಬ್ಬ ಕರೆಂಟಿನ ಭಟ್ಟಿ ಇಟ್ಟುಕೊಂಡಿದ್ದಾನೆ. ಕುಂಬಾರಿಕೆಯಲ್ಲೇ ಕೂದಲು ನರೆತ ಕಾಕಾ ಒಬ್ಬರು ತಮ್ಮ ಕೆಂಪು ಕೆರೆಮಣ್ಣು ತಂದರು. ಎಲ್ಲದರ ಬಿಲ್ಲೆ ಮಾಡಿ, ಚೆನ್ನಾಗಿ ಒಣಗಿಸಿದೆವು.

ಮೊದಲು 700 ಡಿಗ್ರಿ. ಆರಿದ ಮೇಲೆ ತೂಗಿದರೆ 100 ಗ್ರಾಂ ಕೆಯೊಲಿನ್ ಬಿಲ್ಲೆ 86 ಗ್ರಾಮಿನ ಆಸುಪಾಸು ಬಂತು. ಗಾತ್ರ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು.

"ಒಣಗಿಸೇ ಇಟ್ಟಿದ್ವಲ್ಲೋ ತಮ್ಮಾ, ಮತ್ತ ಹೋಗಿದ್ದೇನು?" ಎಂದರು ಕಾಕಾ.

ಹೋದದ್ದು ನೀರೇ. ಆದರೆ ಕೈಗೆ ತಾಗುವ ತೇವವಲ್ಲ, ಅಲ್ಯುಮಿನಿಯಂ, ಸಿಲಿಕಾನ್‌ಗಳ ಜೊತೆ ಹರಳಿನೊಳಗೇ ಹೆಣೆದುಕೊಂಡಿದ್ದ ಹೈಡ್ರಾಕ್ಸಿಲ್, ಅಂದರೆ ಆಮ್ಲಜನಕ-ಜಲಜನಕದ ಜೋಡಿ. 450ರಿಂದ 600 ಡಿಗ್ರಿಯ ನಡುವೆ ಅದು ನೀರಾವಿಯಾಗಿ ಹೊರಬೀಳುತ್ತದೆ. ಕೆಯೊಲಿನ್ ತೂಕದಲ್ಲಿ ಅದರ ಪಾಲು ಸುಮಾರು 14 ಶೇಕಡಾ. ಉಳಿಯುವುದು ಆ ನೀರು ಕಳೆದುಕೊಂಡ ಮೆಟಾಕೆಯೊಲಿನ್. ಅದನ್ನು ಎಷ್ಟು ನೆನೆಸಿ ನಾದಿದರೂ ಮತ್ತೆ ಹದದ ಮಣ್ಣಾಗುವುದಿಲ್ಲ. ಕಾಕಾ ಒಂದು ಚೂರನ್ನು ನೀರಲ್ಲಿ ಹಾಕಿ, ಹಿಸುಕಿ ನೋಡಿಯೇ ಒಪ್ಪಿದರು.

ಮುಂದಿನ ಸುಡುವಿಕೆ 1280 ಡಿಗ್ರಿಗೆ. ಮರುದಿನ ಬಾಗಿಲು ತೆಗೆದಾಗ ಕೆರೆಮಣ್ಣು ಆಕಾರವೇ ಇಲ್ಲದಂತೆ ಕರಗಿ, ಕೆಳಗಿಟ್ಟಿದ್ದ ತಟ್ಟೆಗೆ ಕಪ್ಪಾಗಿ ಅಂಟಿತ್ತು. ಅದರೊಳಗಿನ ಕಬ್ಬಿಣ, ಸುಣ್ಣ, ಕ್ಷಾರಗಳ ಕೆಲಸ ಅದು. 900ರ ಸುಮಾರಿಗೆ ಒಳ್ಳೆಯ ಗಡಿಗೆಯಾಗುವ ಮಣ್ಣಿಗೆ ಅಷ್ಟು ಬಿಸಿ ತಡೆಯುವುದಿಲ್ಲ. ಕೆಯೊಲಿನ್ ಬಿಲ್ಲೆ ಕುಗ್ಗಿತ್ತು, ಆದರೆ ಅಂಚು ಕೂಡ ಬಾಗಿರಲಿಲ್ಲ. ಅದರ ಮೇಲೆ ಶಾಯಿ ಹನಿ ಬಿಟ್ಟೆ, ಕಣ್ಣೆದುರೇ ಹೀರಿಕೊಂಡಿತು.

"ಇನ್ನೂ ಬೆಂದೇ ಇಲ್ಲಲ್ಲೋ ಇದು!"

ಕಾಕಾ ಹೇಳಿದ್ದೇ ಸರಿ. ಶುದ್ಧ ಕೆಯೊಲಿನ್ ಕರಗಲು 1770 ಡಿಗ್ರಿಯಷ್ಟು ಬೇಕು. ಪಿಂಗಾಣಿಯ ಹೆಸರೆತ್ತಿದರೆ ಎಲ್ಲರೂ ಬಿಳಿ ಮಣ್ಣನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಅರ್ಧ ಹೊಗಳಿಕೆ ಅದರ ಜೊತೆ ಬೆರೆಸುವ ಕಲ್ಲಿನ ಪುಡಿಯಾದ ಫೆಲ್ಡ್‌ಸ್ಪಾರ್‌ಗೆ ಸಲ್ಲಬೇಕು. ಅದು ಕರಗಿ ಗಾಜಾಗಿ ಸಂದುಗಳನ್ನು ತುಂಬುತ್ತದೆ. ಕೆಯೊಲಿನ್‌ನಿಂದ ಹುಟ್ಟಿದ ಮುಲೈಟ್ ಹರಳುಗಳು ಸೂಜಿಗಳಂತೆ ಬೆಳೆದು ಪಾತ್ರೆ ಕುಸಿಯದಂತೆ ಹಿಡಿಯುತ್ತವೆ. ಬಿಳಿ ಮಣ್ಣಿಗೆ ಕರಗುವ ಜೊತೆಗಾರ ಬೇಕೆಂಬ ಈ ಗುಟ್ಟು ಚೀನಾದ ಕುಶಲಿಗರಿಗೆ ಶತಮಾನಗಳಿಂದ ಗೊತ್ತಿತ್ತು. ಯುರೋಪಿನಲ್ಲಿ ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ ಶುರುವಾದದ್ದು 1710ರಲ್ಲಿ.

ಅದೇ ಭಟ್ಟಿಯಲ್ಲಿ ಮೂರನೆಯ ಬಿಲ್ಲೆಯೂ ಇತ್ತು: ಅರ್ಧ ಕೆಯೊಲಿನ್, ಉಳಿದರ್ಧ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಸಮಪಾಲು. ಅದರ ಮೇಲಿನ ಶಾಯಿ ಒರೆಸಿದ ಕೂಡಲೇ ಹೋಯಿತು. ಬೆರಳಲ್ಲಿ ಬಡಿದರೆ ಠಣ್ ಎಂದಿತು. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತಮ್ಮ ಕೆರೆಮಣ್ಣಿಗೂ ಹತ್ತರಲ್ಲೊಂದು ಪಾಲು ಬಿಳಿ ಮಣ್ಣು ಬೆರೆಸಿದರೆ ಎಷ್ಟು ಬಿಸಿ ತಡೆದೀತು ಎಂದು ಕೇಳಿದರು. ಮುಂದಿನ ಭಟ್ಟಿಗೆ ಅದನ್ನೇ ಕಲಸುತ್ತಿದ್ದೇವೆ.