ಕಾರವಾರದಲ್ಲಿ ಎಂಡೋಸ್ಕೋಪ್ ತೊಳೆಯುವ ಕೋಣೆ: ಮಳೆಗಾಲದ ಮುಂಚಿನ ಪ್ರಗತಿ

ಹೊಟ್ಟೆ, ಕರುಳಿನೊಳಗೆ ನೋಡಲು ಬಳಸುವ ಬಾಗುವ ಕೊಳವೆಯೇ ಎಂಡೋಸ್ಕೋಪ್ (ಸ್ಕೋಪ್); ಅದನ್ನು ತೊಳೆದು, ಸೋಂಕು ತೆಗೆದು, ಒಣಗಿಸಲು ಈ ಕೋಣೆ. ನಡುಗೋಡೆ ಎದ್ದಿದೆ, ಸಿಂಕ್ ಕೂತಿದೆ, ಗಾಳಿ ಹೊರಹಾಕುವ ಕೊಳವೆ ಮುಗಿದಿದೆ. ಒಣಗಿಸುವ ಬದಿ ಬಾಕಿ. ಸಾಮಾನ್ಯವಾಗಿ ನಕ್ಷೆ ಸಿಂಕ್‌ನಿಂದ ಶುರುವಾಗುತ್ತದೆ, ಸ್ಕೋಪ್ ಒಣಗಿಸಿ ನೇತುಹಾಕುವ ಕಪಾಟಿಗೆ ಉಳಿದ ಮೂಲೆ ಸಿಗುತ್ತದೆ. ಇಲ್ಲಿ ಕಪಾಟಿಗೆ ಮೊದಲು ಜಾಗ ಹಿಡಿದು ಹಿಂದಕ್ಕೆ ಬಂದಿದ್ದೇವೆ. ಎಷ್ಟೇ ಚೆನ್ನಾಗಿ ಸೋಂಕು ತೆಗೆದ ಸ್ಕೋಪ್ ಆದರೂ ಅದರೊಳಗಿನ ಸಣ್ಣ ಕೊಳವೆಯಲ್ಲಿ, ಅಂದರೆ ಚಾನೆಲ್‌ನಲ್ಲಿ, ನೀರು ಉಳಿದರೆ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಹೆಚ್ಚುತ್ತವೆ. ಆಷಾಢದ ಕಾರವಾರದಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ.

ಕೋಣೆ 18 ಅಡಿ ಉದ್ದ, 10 ಅಡಿ ಅಗಲ. ಅರ್ಧಕ್ಕೆ ಗೋಡೆ, ಅದರಲ್ಲಿ ಎರಡೂ ಕಡೆ ಮುಚ್ಚಳವಿರುವ ಒಂದು ಕಿಂಡಿ. ಗಲೀಜು ಸ್ಕೋಪ್ ಒಂದು ಬಾಗಿಲಿಂದ ಬರುತ್ತದೆ, ಕಿಂಡಿ ದಾಟುತ್ತದೆ, ಶುದ್ಧವಾಗಿ ಇನ್ನೊಂದು ಬಾಗಿಲಿಂದ ಹೋಗುತ್ತದೆ. ಸೋಂಕುನಿವಾರಕದ ಟಬ್ ಕಿಂಡಿಯಾಚೆ ಶುದ್ಧ ಬದಿಯಲ್ಲಿದೆ. ಬ್ರಷ್ ಹಾಕಿದ ಕೈಯೇ ಟಬ್‌ನಿಂದ ಸ್ಕೋಪ್ ಎತ್ತುವಂತಿದ್ದರೆ ಗೋಡೆ ಕಟ್ಟಿ ಏನು ಬಂತು?

ಸಿಂಕ್ ಎರಡು, ಒಂದು ತೊಳೆಯಲು, ಒಂದು ಜಾಲಾಡಲು. ಅಂಚು ನೆಲದಿಂದ 36 ಇಂಚು, ಆಳ 10 ಇಂಚು. ಇದಕ್ಕಿಂತ ಆಳವಾದರೆ ದಿನವಿಡೀ ಬಗ್ಗಿ ಸೊಂಟ ಹೋಗುತ್ತದೆ. ಅಗಲ ಕಡಿಮೆ ಮಾಡುವಂತಿಲ್ಲ: ಸ್ಕೋಪ್ ಸಡಿಲವಾಗಿ ಸುರುಳಿಯಾಗಿ ಕೂರಬೇಕು, ಬಿಗಿ ಸುತ್ತಿದರೆ ಒಳಗಿನ ತಂತುಗಳೂ ಕೊಳವೆಯೂ ಮಡಚಿಕೊಳ್ಳುತ್ತವೆ. ಸ್ಟೀಲ್ 316 ದರ್ಜೆಯದು. ಉಪ್ಪುಗಾಳಿಗೆ 304ರ ಬೆಸುಗೆಗಳಲ್ಲಿ ಬೇಗ ಕಂದು ಚುಕ್ಕೆ ಏಳುತ್ತದೆ. ಕೈ ತೊಳೆಯುವ ಬೇಸಿನ್ ಇವೆರಡಕ್ಕೂ ಹೊರತು.

ಸ್ಕೋಪ್‌ನ ತೂತು ಪತ್ತೆಮಾಡುವ ಲೀಕ್ ಟೆಸ್ಟರ್ ಸಿಂಕ್‌ಗಿಂತ ಮೊದಲೇ ಸಿಗುವಂತೆ ಎಡಗೋಡೆಗೆ ಹಾಕಿದ್ದೇವೆ. ಒಣ ಸ್ಕೋಪ್‌ಗೆ ಜೋಡಿಸಿ, ಗಾಳಿ ತುಂಬಿ, ಆಮೇಲೆ ಬರಿ ನೀರಿನಲ್ಲಿ ಮುಳುಗಿಸಿ, ತುದಿ ಬಾಗಿಸುವ ನಾಬ್‌ಗಳನ್ನು ನಾಲ್ಕೂ ದಿಕ್ಕಿಗೆ ತಿರುಗಿಸುತ್ತ ಗುಳ್ಳೆ ನೋಡಬೇಕು. ತುದಿ ಬಾಗಿದಾಗಷ್ಟೇ ಬಾಯಿಬಿಡುವ ತೂತುಗಳಿರುತ್ತವೆ. ಟೆಸ್ಟರ್ ಬಿಚ್ಚುವುದು ನೀರಿನಿಂದ ಎತ್ತಿದ ನಂತರ. ನೀರೊಳಗೇ ಬಿಚ್ಚಿದರೆ ಕನೆಕ್ಟರ್ ಮೂಲಕ ನೀರು ಒಳನುಗ್ಗಿ ರಿಪೇರಿ ಬಿಲ್ ಬರುತ್ತದೆ. ಕೊಳೆ ಕರಗಿಸುವ ಎನ್ಝೈಮ್ ದ್ರಾವಣ ಪ್ರತಿ ಸ್ಕೋಪ್‌ಗೂ ಹೊಸದು. ಬ್ರಷ್ ಚಾನೆಲ್‌ನ ಆಚೆ ತುದಿಯಿಂದ ಕೊಳೆಯಿಲ್ಲದೆ ಹೊರಬರುವ ತನಕ ಉಜ್ಜಬೇಕು. ಆ ದಿನ ಬಳಸದಿದ್ದರೂ ವಾಟರ್ ಜೆಟ್ ಚಾನೆಲ್‌ಗೆ ದ್ರಾವಣ ಹಾಯಿಸಲೇಬೇಕು. ಜನ ಮರೆಯುವುದು ಇದನ್ನೇ. ರೋಗಿಯ ಪರೀಕ್ಷೆ ಮುಗಿದು ಒಂದು ಗಂಟೆಯೊಳಗೆ ಬ್ರಷ್ ಬೀಳದಿದ್ದರೆ ಕೊಳೆ ಒಣಗಿ ಅಂಟುತ್ತದೆ. ಹಾಗಾಗಿ ಟ್ರೇ ಮೇಲಿನ ಚೀಟಿಯಲ್ಲಿ ಸ್ಕೋಪ್ ನಂಬರ್ ಜೊತೆಗೆ ಮುಗಿದ ಸಮಯಕ್ಕೂ ಒಂದು ಗೆರೆ ಇಟ್ಟಿದ್ದೇವೆ.

ಗಾಳಿಯ ಲೆಕ್ಕ: ಗಲೀಜು ಬದಿ 10 ಅಡಿ ಎತ್ತರಕ್ಕೆ 900 ಘನ ಅಡಿ. ಗಂಟೆಗೆ 10 ಸಲ ಗಾಳಿ ಬದಲಾಗಲು ನಿಮಿಷಕ್ಕೆ 150 ಘನ ಅಡಿ ಬೇಕು. ಫ್ಯಾನ್ ಡಬ್ಬಿಯ ಮೇಲಿನ ಅಂಕಿ ಕೊಳವೆ, ಜಾಲರಿ ಇಲ್ಲದಾಗಿನದು; ಅದಕ್ಕೆ 250ರದ್ದು ತಂದಿದ್ದೇವೆ. ಕೊಳವೆಯ ಬಾಯಿ ಪೂರ್ವಕ್ಕೆ. ಪಡುವಣಕ್ಕಿಟ್ಟರೆ ಜೂನ್‌ನ ಸಮುದ್ರದ ಗಾಳಿ ಹೊರಟ ಗಾಳಿಯನ್ನು ವಾಪಸ್ ಒಳಗೆ ನೂಕುತ್ತದೆ. ಕಿಂಡಿ ಅರೆ ತೆರೆದು ಟಿಶ್ಯೂ ಪಟ್ಟಿ ಹಿಡಿದರೆ ಅದು ಗಲೀಜು ಬದಿಗೆ ಬಾಗಬೇಕು. ಬಾಗುತ್ತಿದೆ.

ಟಬ್‌ನಲ್ಲಿ 0.55% ಓಪಿಎ (ಆರ್ಥೋ-ಥಾಲಾಲ್ಡಿಹೈಡ್ ಎಂಬ ಸೋಂಕುನಿವಾರಕ), 20 ಡಿಗ್ರಿ ಅಥವಾ ಹೆಚ್ಚಿನ ಶಾಖದಲ್ಲಿ 12 ನಿಮಿಷ. ನಮ್ಮೂರಲ್ಲಿ 20 ಡಿಗ್ರಿಯ ಚಿಂತೆ ಯಾಕೆ ಎನಿಸಬಹುದು, ಆದರೆ ಎ.ಸಿ. 18ಕ್ಕಿಟ್ಟರೆ ದ್ರಾವಣವೂ ನಿಧಾನಕ್ಕೆ ತಣ್ಣಗಾಗುತ್ತದೆ. ಥರ್ಮಾಮೀಟರ್ ಟಬ್‌ನಲ್ಲೇ ಇದೆ. ಪ್ರತಿ ಸಲ ಟೆಸ್ಟ್ ಸ್ಟ್ರಿಪ್, ಸಾಂದ್ರತೆ 0.3%ಕ್ಕಿಂತ ಇಳಿದರೆ ಚೆಲ್ಲುವುದು, ಇಳಿಯದಿದ್ದರೂ 14 ದಿನಕ್ಕೆ ಚೆಲ್ಲುವುದು. ವಾಸನೆ ಕಡಿಮೆಯೆಂದು ಆವಿ ನಿರುಪದ್ರವಿ ಅಲ್ಲ, ಟಬ್‌ನ ಅಂಚಿನಲ್ಲೇ ಆವಿ ಎಳೆಯಲು ಪ್ರತ್ಯೇಕ ಫ್ಯಾನ್ ಕೊಟ್ಟು ಮುಚ್ಚಳ ಹಾಕಿದ್ದೇವೆ.

ಹೆಚ್ಚು ತಲೆಕೆಡಿಸಿದ್ದು ನೀರು. ಓಪಿಎ ಹೋಗಲು ಮೂರು ಸಲ, ಪ್ರತಿ ಸಲ ಹೊಸ 8 ಲೀಟರ್‌ನಲ್ಲಿ ಜಾಲಾಡಬೇಕು: ಸ್ಕೋಪ್‌ಗೆ 24 ಲೀಟರ್, ದಿನಕ್ಕೆ 12 ಸ್ಕೋಪ್ ಆದರೆ 288. ಕಡಲಂಚಿನ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಹಾಗಾಗಿ ಆರ್.ಒ. ಅನಿವಾರ್ಯ. ಮನೆಯ ಆರ್.ಒ. ಗಂಟೆಗೆ ಇಪ್ಪತ್ತು ಲೀಟರ್ ಆಸುಪಾಸಿನದು, ಆದ್ದರಿಂದ ತೊಟ್ಟಿ ಬೇಕು. ತೊಟ್ಟಿ ಇದ್ದಲ್ಲಿ ಲೋಳೆಪದರ ಕಟ್ಟುತ್ತದೆ. ಅದಕ್ಕೇ 0.2 ಮೈಕ್ರಾನ್ ಫಿಲ್ಟರ್ ತೊಟ್ಟಿಗೆ ಮುಂಚೆ ಅಲ್ಲ, ನಲ್ಲಿಯ ಬಾಯಿಗೇ.

ಇನ್ನು ಉಳಿದ ಕೆಲಸ. ಕಪಾಟಿನ ಒಳ ಎತ್ತರ 7 ಅಡಿ. ಕೊಲೊನೋಸ್ಕೋಪ್ ನೇತುಹಾಕಿದಾಗ ತುದಿ ತಳ ಮುಟ್ಟಬಾರದು. ಪ್ಲೈವುಡ್ ಬೇಡವೆಂದು ಅಲ್ಯೂಮಿನಿಯಂ ಚೌಕಟ್ಟು ಹೇಳಿದ್ದೇವೆ. ಪಡುವಣದ ಚಿರೇಕಲ್ಲಿನ ಗೋಡೆ ಮಳೆಯಲ್ಲಿ ಒಸರುವುದರಿಂದ ಕಪಾಟು ನಡುಗೋಡೆಗೆ ಒರಗುತ್ತದೆ. ಎಲ್ಲ ಚಾನೆಲ್‌ಗೂ ಕನಿಷ್ಠ 10 ನಿಮಿಷ ಫಿಲ್ಟರ್ ಮಾಡಿದ ಗಾಳಿ ಹಾಯಿಸಬೇಕು. ಎಣ್ಣೆರಹಿತ ಕಂಪ್ರೆಸರ್ ಬಂದಿದೆ, ಏರ್ ಡ್ರೈಯರ್ ಬಂದಿಲ್ಲ. ಅದಿಲ್ಲದೆ ಕಂಪ್ರೆಸರ್ ತೊಟ್ಟಿಯ ನೀರೇ ಚಾನೆಲ್‌ಗೆ ಹೋಗುತ್ತದೆ. ಒಣಗಿದೆಯೇ ಎಂದು ನೋಡಲು ತುದಿಯನ್ನು ಕನ್ನಡಿಗೆ ಹಿಡಿದು ಗಾಳಿ ಊದಿಸಿ ಹನಿ ಹುಡುಕುವುದೇ ಸದ್ಯದ ದಾರಿ. ತೇವಕ್ಕೆ ಬಣ್ಣ ಬದಲಿಸುವ ಕೋಬಾಲ್ಟ್ ಕಾಗದ ಜುಲೈನಲ್ಲಿ ಡಬ್ಬಿ ತೆರೆದಿಟ್ಟರೆ ಸಾಕು, ಸ್ಕೋಪ್ ಮುಟ್ಟುವ ಮುಂಚೆಯೇ ಗುಲಾಬಿಯಾಗುತ್ತದೆ. ಹೆಸ್ಕಾಂ ಕರೆಂಟ್ ಹೋದಾಗ ಕಂಪ್ರೆಸರ್, ಡ್ರೈಯರ್, ಎರಡೂ ಫ್ಯಾನ್ ಜನರೇಟರ್‌ಗೆ ಬರುವಂತೆ ಲೈನ್ ಬೇರೆ ಎಳೆಯಬೇಕು; ಎ.ಸಿ. ಆ ಲೈನ್‌ನಲ್ಲಿ ಇರುವುದಿಲ್ಲ.