ಬಾಂಬು ಬಿದ್ದ ಊರಿನ ಕವಿ ತನ್ನವರ ತಪ್ಪನ್ನೇಕೆ ಎಣಿಸಿದರು?

ಜಪಾನಿನ ಕವಿ, ಶಾಂತಿ ಹೋರಾಟಗಾರ್ತಿ ಸದಾಕೊ ಕುರಿಹಾರಾ ಅವರ ಬಗ್ಗೆ ನಾನು ಎಲ್ಲಿ ಮಾತನಾಡಿದರೂ, ಏನೇ ಬರೆದರೂ, ಕೊನೆಗೆ ಒಂದು ಪ್ರಶ್ನೆ ಎದುರಾಗದೆ ಇರುವುದಿಲ್ಲ. 1972ರಲ್ಲಿ ಅವರು ಬರೆದ 'ಹಿರೋಶಿಮಾ ಎಂದಾಗ' ಎಂಬ ಕವಿತೆಯನ್ನು ಓದಿದವರು ಈ ಪ್ರಶ್ನೆಯನ್ನು ಕೇಳುತ್ತಾರೆ. ನಾವು ಹಿರೋಶಿಮಾ ಎಂದು ಉಚ್ಚರಿಸಿದಾಗ ಜಗತ್ತು 'ಅಯ್ಯೋ, ಹಿರೋಶಿಮಾ' ಎಂದು ಮೃದುವಾಗಿ ಉತ್ತರಿಸೀತೇ ಎಂದು ಆ ಕವಿತೆ ಕೇಳುತ್ತದೆ. ಹಾಗೆ ಉತ್ತರಿಸುವುದಿಲ್ಲ ಎಂಬುದನ್ನು ಅದು ತಾನೇ ಹೇಳುತ್ತದೆ. ಹಿರೋಶಿಮಾ ಎಂದರೆ ಪರ್ಲ್ ಹಾರ್ಬರ್ ಎಂಬ ಮರುದನಿ ಬರುತ್ತದೆ; ಹಿರೋಶಿಮಾ ಎಂದರೆ ನಾನ್‌ಜಿಂಗ್ ಹತ್ಯಾಕಾಂಡ ಎಂಬ ಮರುದನಿ; ಹಿರೋಶಿಮಾ ಎಂದರೆ ಹೆಂಗಸರನ್ನೂ ಮಕ್ಕಳನ್ನೂ ಹಳ್ಳದೊಳಗೆ ಕೂಡಿಹಾಕಿ ಪೆಟ್ರೋಲ್ ಸುರಿದು ಸುಟ್ಟ ಮನಿಲಾದ ನೆನಪು. ಈ ಮೂರೂ ಜಪಾನಿನ ಸೇನೆ ಬೇರೆ ದೇಶದವರ ಮೇಲೆ ಎಸಗಿದವು. ಕವಿತೆಯ ಕೊನೆಯಲ್ಲಿ, ಆ ಮೃದುವಾದ ಉತ್ತರ ಬರಬೇಕಾದರೆ ನಾವು ಮೊದಲು ನಮ್ಮ ಕೊಳಕಾದ ಕೈಗಳನ್ನು ಶುಚಿಗೊಳಿಸಬೇಕು ಎಂಬ ಮಾತಿದೆ.

ಓದುಗರ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಒಂದು ಬೆಳಗ್ಗೆ, ಒಂದೇ ಬಾಂಬಿಗೆ ಇಡೀ ನಗರವೇ ಸುಟ್ಟುಹೋದ ಮೇಲೆ, ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನರು ಸತ್ತ ಮೇಲೆ, ಆ ಊರಿನವರೇ ಆದ ಕವಿ ತಮ್ಮವರ ಕೈಗೆ ಅಂಟಿದ ಕೊಳೆಯ ಮಾತನ್ನೇಕೆ ಎತ್ತಬೇಕು? ಇದು ಗಾಯದ ಮೇಲೆ ಬರೆ ಎಳೆದಂತಲ್ಲವೇ? ಬಾಂಬು ಹಾಕಿದವರಿಗೆ ಇದರಿಂದ ನೆಪ ಸಿಗುವುದಿಲ್ಲವೇ? ಈ ಪ್ರಶ್ನೆಯನ್ನು ಕೇಳುವವರು ನೊಂದವರ ಪರವಾಗಿಯೇ ಕೇಳುತ್ತಾರೆ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಒಂದೆರಡು ಮಾತಿನಲ್ಲಿ ಮುಗಿಸದೆ, ನನ್ನ ಉತ್ತರವನ್ನು ಒಮ್ಮೆ ಪೂರ್ಣವಾಗಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. ಸದಾಕೊ ಎಂದ ಕೂಡಲೇ ಅನೇಕರಿಗೆ ನೆನಪಾಗುವುದು ಕಾಗದದ ಕೊಕ್ಕರೆಗಳನ್ನು ಮಡಚುತ್ತ 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಬಾಲಕಿ ಸದಾಕೊ ಸಾಸಾಕಿ. ನಾನು ಹೇಳುತ್ತಿರುವ ಸದಾಕೊ ಕುರಿಹಾರಾ ಬೇರೆ. ಅವರು 1913ರಲ್ಲಿ ಹಿರೋಶಿಮಾದ ಒಂದು ರೈತ ಕುಟುಂಬದಲ್ಲಿ ಹುಟ್ಟಿದರು, ಹದಿಹರೆಯದಲ್ಲೇ ಕವಿತೆ ಮತ್ತು ತಾಂಕಾ ಎಂಬ ಜಪಾನಿ ಕಿರುಗವಿತೆಗಳನ್ನು ಬರೆಯಲು ತೊಡಗಿದರು, 2005ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು. ಬಾಂಬು ಬಿದ್ದಾಗ ಅವರಿಗೆ 32 ವರ್ಷ.

ಈ ವಯಸ್ಸನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುರಿಹಾರಾ ಅವರನ್ನು 'ಅಣುಬಾಂಬಿನ ಕವಿ' ಎಂದು ಪರಿಚಯಿಸುವ ವಾಡಿಕೆಯಿದೆ. ಬಾಂಬು ಬೀಳುವ ತನಕ ಅವರು ಸಾಮಾನ್ಯ ಗೃಹಿಣಿಯಾಗಿದ್ದರು, ಬಾಂಬು ಅವರನ್ನು ಕವಿಯನ್ನಾಗಿಯೂ ಶಾಂತಿವಾದಿಯನ್ನಾಗಿಯೂ ಮಾಡಿತು ಎಂಬ ಭಾವನೆ ಆ ಪರಿಚಯದಿಂದ ಹುಟ್ಟುತ್ತದೆ. ನಿಜಸಂಗತಿ ಹಾಗಿಲ್ಲ. ಮನೆಯವರ ವಿರೋಧವನ್ನು ಲೆಕ್ಕಿಸದೆ ಅವರು ಕೈಹಿಡಿದ ತದಾಇಚಿ ಕುರಿಹಾರಾ ಅರಾಜಕತಾವಾದಿಯಾಗಿದ್ದವರು. ಸರ್ಕಾರದ ಅಧಿಕಾರವನ್ನೇ ಪ್ರಶ್ನಿಸುವವರ ಮೇಲೆ ಪೊಲೀಸರು ಸದಾ ಕಣ್ಣಿಟ್ಟಿದ್ದ ಕಾಲವದು. ಯುದ್ಧದ ನಡುವೆ ಒತ್ತಾಯದ ಸೇವೆಗೆ ಹೋಗಿ ಬಂದ ತದಾಇಚಿ, ಚೀನಾದಲ್ಲಿ ಜಪಾನಿ ಸೈನ್ಯ ನಡೆಸಿದ ಕ್ರೌರ್ಯವನ್ನು ಕುರಿತು ಬಸ್ಸಿನಲ್ಲಿ ಪರಿಚಯದವರೊಬ್ಬರ ಬಳಿ ಮಾತನಾಡಿದರು. ಅದನ್ನು ಕೇಳಿಸಿಕೊಂಡ ಯಾರೋ ದೂರು ಕೊಟ್ಟರು, ಅವರು ಅಧಿಕಾರಿಗಳ ಕೈಗೆ ಸಿಕ್ಕಿಬಿದ್ದರು. ಬಸ್ಸಿನಲ್ಲಿ ಆಡಿದ ನಾಲ್ಕು ಮಾತು ಅಪರಾಧವಾಗುತ್ತಿದ್ದ ದೇಶದಲ್ಲಿ, ಆ ಮಾತನ್ನು ಮನೆಯಲ್ಲಿ ಮೊದಲೇ ಕೇಳಿಸಿಕೊಂಡಿದ್ದ ಹೆಂಡತಿಯ ಮನಸ್ಸಿನಲ್ಲಿ ಏನು ನಡೆದಿರಬಹುದು ಎಂಬುದನ್ನು ಊಹಿಸಬೇಕಾದ ಅಗತ್ಯವೂ ಇಲ್ಲ. ಅವರು ಅದನ್ನು ಬರೆದಿಟ್ಟಿದ್ದಾರೆ.

1942ರಲ್ಲಿ, ಪರ್ಲ್ ಹಾರ್ಬರ್ ದಾಳಿ ನಡೆದು ಇನ್ನೂ ವರ್ಷ ತುಂಬಿರದಿದ್ದಾಗ, ದೇಶಕ್ಕೆ ದೇಶವೇ ಗೆಲುವಿನ ಸುದ್ದಿಯಲ್ಲಿ ಮುಳುಗಿದ್ದಾಗ, ಕುರಿಹಾರಾ 'ಯುದ್ಧವೆಂದರೇನು' ಎಂಬ ಕವಿತೆಯನ್ನು ಬರೆದರು. ಯುದ್ಧದ ಕ್ರೌರ್ಯವನ್ನು ನಾನು ಒಪ್ಪುವುದಿಲ್ಲ ಎನ್ನುವ ಆ ಕವಿತೆ, ಎಷ್ಟೇ ಚೆಂದದ ಮಾತಿನಿಂದ ಸಿಂಗರಿಸಿದರೂ ಯುದ್ಧ ಯುದ್ಧವೇ ಎಂದು ನೇರವಾಗಿ ಹೇಳುತ್ತದೆ. ಅದನ್ನು ಆಗ ಪ್ರಕಟಿಸುವ ಮಾತೇ ಇರಲಿಲ್ಲ, ಬರೆದದ್ದನ್ನು ಬಚ್ಚಿಡಬೇಕಾಗಿತ್ತು. ಅದೇ ವರ್ಷ ಬರೆದ 'ಕಪ್ಪು ಮೊಟ್ಟೆ' ಎಂಬ ಕವಿತೆಯಲ್ಲಿ, ಚಿಪ್ಪಿನೊಳಗೆ ಮುಚ್ಚಿಹೋದ ಜೀವವೊಂದು ಹೊರಬರುವ ದಿನಕ್ಕಾಗಿ ಕಾಯುತ್ತಿದೆ. ಹಿರೋಶಿಮಾದ ಮೇಲೆ ಬಾಂಬು ಬೀಳುವುದಕ್ಕೆ ಆಗ ಇನ್ನೂ ಸುಮಾರು ಮೂರು ವರ್ಷ ಬಾಕಿ ಇತ್ತು. ತನ್ನ ದೇಶ ಗೆಲ್ಲುತ್ತಿದ್ದಾಗಲೇ ಯುದ್ಧ ಬೇಡ ಎಂದವರು ಅವರು. ಸೋತ ಮೇಲೆ, ಸುಟ್ಟುಹೋದ ಮೇಲೆ ಶಾಂತಿಯ ಮಾತನಾಡುವುದು ಸುಲಭ. ಕುರಿಹಾರಾ ಅವರ ಶಾಂತಿಯ ಮಾತು ಅಲ್ಲಿಂದ ಹುಟ್ಟಿದ್ದಲ್ಲ. ನನ್ನ ಉತ್ತರದ ತಿರುಳು ಇಷ್ಟೇ, ಉಳಿದದ್ದೆಲ್ಲ ಅದರ ವಿವರಣೆ.

1945ರ ಆಗಸ್ಟ್ 6ರಂದು ಬೆಳಗ್ಗೆ 8.15ಕ್ಕೆ ಬಾಂಬು ಸಿಡಿದಾಗ ಅವರು ನಗರದ ಉತ್ತರಕ್ಕೆ, ಸ್ಫೋಟದ ಕೇಂದ್ರದಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದ ಗಿಯೋನ್‌ನಲ್ಲಿದ್ದರು. ಅವರು ಬದುಕಿ ಉಳಿದರು. ಮುಂದಿನ ದಿನಗಳಲ್ಲಿ ಅವರು ಕಂಡದ್ದು, ಕೇಳಿದ್ದು ಅವರ ಕವಿತೆಗಳಲ್ಲಿ ಉಳಿದಿದೆ. ಅವುಗಳಲ್ಲಿ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸೆಂದಾಮಾಚಿ ಎಂಬಲ್ಲಿದ್ದ ಅಂಚೆ ಉಳಿತಾಯ ಕಚೇರಿಯ ನೆಲಮಾಳಿಗೆಯಲ್ಲಿ ಗಾಯಾಳುಗಳು ತುಂಬಿಕೊಂಡಿದ್ದರು. ರಾತ್ರಿ. ಒಂದು ಮೇಣದಬತ್ತಿಯೂ ಇಲ್ಲ. ಹಸಿ ರಕ್ತದ ವಾಸನೆ, ಹೆಣದ ನಾತ, ಬೆವರಿದ ಮೈಗಳ ಸೆಕೆ, ನರಳಾಟ. ಆ ಕತ್ತಲೆಯಲ್ಲಿ 'ಮಗು ಹುಟ್ಟುತ್ತಿದೆ' ಎಂಬ ದನಿ ಕೇಳಿಸುತ್ತದೆ. ಯುವತಿಯೊಬ್ಬಳಿಗೆ ಹೆರಿಗೆ ನೋವು ಶುರುವಾಗಿದೆ. ಗೀರಲು ಒಂದು ಬೆಂಕಿಕಡ್ಡಿಯೂ ಇಲ್ಲ. ಜನ ತಮ್ಮ ನೋವನ್ನು ಮರೆತು ಅವಳಿಗಾಗಿ ಕಳವಳಪಡುತ್ತಾರೆ. ಆಗ, ಅಷ್ಟು ಹೊತ್ತೂ ನರಳುತ್ತ ಬಿದ್ದಿದ್ದ, ತೀವ್ರವಾಗಿ ಗಾಯಗೊಂಡ ಹೆಂಗಸೊಬ್ಬಳು 'ನಾನು ಸೂಲಗಿತ್ತಿ, ನಾನು ಹೆರಿಗೆ ಮಾಡಿಸುತ್ತೇನೆ' ಎನ್ನುತ್ತಾಳೆ. ಕತ್ತಲೆಯಲ್ಲಿ ಮಗು ಹುಟ್ಟುತ್ತದೆ. ಬೆಳಗಾಗುವುದರೊಳಗೆ ಸೂಲಗಿತ್ತಿ ರಕ್ತಸಿಕ್ತಳಾಗಿಯೇ ಸಾಯುತ್ತಾಳೆ. ಹೆರಿಗೆ ಮಾಡಿಸೋಣ, ನಮ್ಮ ಪ್ರಾಣ ಹೋದರೂ ಹೆರಿಗೆ ಮಾಡಿಸೋಣ ಎಂಬ ಸಂಕಲ್ಪದೊಂದಿಗೆ ಕವಿತೆ ಮುಗಿಯುತ್ತದೆ.

ಈ ಘಟನೆಯನ್ನು ಕುರಿಹಾರಾ ಕಣ್ಣಾರೆ ಕಂಡವರಲ್ಲ. ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಬೇರೆಯವರ ಬಾಯಿಂದ ಕೇಳಿ ಬರೆದರು. ಮಗು ಹುಟ್ಟಿದ್ದು ನಿಜ. ಸೂಲಗಿತ್ತಿ ಸಾಯದೆ ಬದುಕಿ ಉಳಿದರು ಎಂಬ ಸಂಗತಿ ಆಮೇಲೆ ತಿಳಿದುಬಂತು. ಇದರಿಂದ ಕವಿತೆಯ ಬೆಲೆ ಕಡಿಮೆಯಾಯಿತು ಎಂದು ನನಗೆ ಅನಿಸಿಲ್ಲ. ನನ್ನ ಗಮನ ಸೆಳೆಯುವ ವಿಷಯವೇ ಬೇರೆ. ಬಾಂಬು ಬಿದ್ದು ತಿಂಗಳೂ ಕಳೆಯದ ಆ ಹೊತ್ತಿನಲ್ಲಿ ಬರೆದ ಕವಿತೆಯಲ್ಲಿ ಶತ್ರುವಿನ ಹೆಸರಿಲ್ಲ, ಸೇಡಿನ ಮಾತಿಲ್ಲ, ಚಕ್ರವರ್ತಿಗಾಗಿ ಕಣ್ಣೀರಿಲ್ಲ, ದೇಶ ಸೋತಿತೆಂಬ ಗೋಳೂ ಇಲ್ಲ. ಒಂದು ಕೆಲಸ ಮಾತ್ರ ಇದೆ, ಹುಟ್ಟಲಿರುವ ಜೀವವನ್ನು ಹೊರತರುವ ಕೆಲಸ. ಹೀಗೆ ಬರೆಯುವುದು ಅವರಿಗೆ ಸಾಧ್ಯವಾದದ್ದು 1942ರಲ್ಲೇ ಅವರ ಮನಸ್ಸು ಇತ್ಯರ್ಥವಾಗಿದ್ದರಿಂದ ಎಂದು ನಾನು ನಂಬಿದ್ದೇನೆ.

ಯುದ್ಧ ಮುಗಿಯಿತು, ಆದರೆ ಬಾಯಿಗೆ ಬೀಗ ಹಾಕುವುದು ನಿಲ್ಲಲಿಲ್ಲ. ಹಳೆಯ ಜಪಾನಿ ಸೆನ್ಸಾರ್ ಹೋಗಿ, 1945ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಡಳಿತದ ಪತ್ರಿಕಾ ಸಂಹಿತೆ ಬಂತು. ಬಾಂಬಿನ ಬಗೆಗಿನ ಬರಹಗಳು ಅದರ ಕಣ್ಗಾವಲಿಗೆ ಒಳಪಟ್ಟವು. ಆ ವರ್ಷದ ಡಿಸೆಂಬರ್‌ನಲ್ಲಿ ಗಂಡಹೆಂಡತಿ ಸೇರಿ ಒಂದು ಸಾಂಸ್ಕೃತಿಕ ಸಂಘವನ್ನು ಕಟ್ಟಿ, 1946ರ ಮಾರ್ಚ್‌ನಲ್ಲಿ 'ಚೂಗೊಕು ಬುಂಕಾ' ಎಂಬ ಪತ್ರಿಕೆಯ ಮೊದಲ ಸಂಚಿಕೆಯನ್ನೇ ಅಣುಬಾಂಬಿನ ವಿಶೇಷ ಸಂಚಿಕೆಯಾಗಿ ತಂದರು; ಸೂಲಗಿತ್ತಿಯ ಕವಿತೆ ಬೆಳಕು ಕಂಡದ್ದು ಅದರಲ್ಲಿ. ಅದೇ ವರ್ಷ 'ಕಪ್ಪು ಮೊಟ್ಟೆ' ಎಂಬ ಹೆಸರಿನ ಕವನ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಲು ಹೊರಟಾಗ, ಸೆನ್ಸಾರ್ ಅಧಿಕಾರಿಗಳು ಕೆಲವು ಕವಿತೆಗಳನ್ನೂ ತಾಂಕಾಗಳನ್ನೂ ಕಿತ್ತುಹಾಕಿದರು. ಎಚ್ಚರಿಕೆಯಿಂದ ಕವಿಯೇ ಇನ್ನಷ್ಟನ್ನು ಕೈಬಿಟ್ಟರು. ಸೆನ್ಸಾರ್‌ಗೆ ಹೋಗಿದ್ದ ಪ್ರತಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದುಕೊಂಡಿತ್ತು. ಆ ಸಂಕಲನ ಪೂರ್ಣ ರೂಪದಲ್ಲಿ ಹೊರಬಂದದ್ದು 1983ರಲ್ಲಿ, ಕವಿಗೆ 70 ವರ್ಷ ತುಂಬಿದ ಮೇಲೆ.

ಎರಡು ಸರ್ಕಾರಗಳ ಕಾಲದಲ್ಲಿ, ಎರಡರಿಂದಲೂ ಬಾಯಿ ಮುಚ್ಚಿಸಿಕೊಂಡವರು ಅವರು. ಒಂದು ತಮ್ಮದೇ ದೇಶದ್ದು, ಇನ್ನೊಂದು ಗೆದ್ದ ದೇಶದ್ದು. ಯಾವುದೇ ಒಂದು ರಾಷ್ಟ್ರದ ಬೆನ್ನಿಗೆ ನಿಂತು ಇನ್ನೊಂದನ್ನು ಮಾತ್ರ ದೂರುವುದು ಅವರಿಂದ ಏಕೆ ಆಗಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಊರಿನ ಮಾತು. ಹಿರೋಶಿಮಾ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಅಸ್ಥಿಪಂಜರದಂತೆ ನಿಂತ ಗುಮ್ಮಟ. ಅಲ್ಲಿ ಹುಟ್ಟಿ ಬೆಳೆದ ಕುರಿಹಾರಾ ಅವರಿಗೆ ಅದು ಅದಕ್ಕಿಂತ ಮೊದಲು ಸೈನ್ಯದ ಊರು. 1894ರಲ್ಲಿ ಚೀನಾದೊಡನೆ ಯುದ್ಧ ನಡೆದಾಗ ಚಕ್ರವರ್ತಿಯ ಸೇನಾ ಪ್ರಧಾನ ಕೇಂದ್ರವೇ ಹಿರೋಶಿಮಾಕ್ಕೆ ಬಂದಿತ್ತು. ಅಂದಿನಿಂದ ಅಲ್ಲಿನ ಉಜಿನಾ ಬಂದರಿನಲ್ಲಿ ಸೈನಿಕರು ಹಡಗು ಹತ್ತಿ ಏಷ್ಯಾದ ಯುದ್ಧಭೂಮಿಗಳಿಗೆ ಹೊರಡುತ್ತಿದ್ದರು. ಹಿರೋಶಿಮಾದಲ್ಲಿ ನೆಲೆಯಿದ್ದ ಐದನೆಯ ಡಿವಿಷನ್ ಚೀನಾದಲ್ಲೂ ಮಲಯಾದಲ್ಲೂ ಹೋರಾಡಿತು. ಬಾವುಟ ಹಿಡಿದು ಬೀಳ್ಕೊಟ್ಟ ಹಡಗುಗಳು ಎಲ್ಲಿಗೆ ಹೋದವು, ಅಲ್ಲಿ ಏನು ಮಾಡಿದವು ಎಂದು ಕೇಳದೆ, 1945ರ ಆಗಸ್ಟ್ 6ರಿಂದಲೇ ಇತಿಹಾಸ ಶುರುವಾಯಿತು ಎನ್ನುವುದು ಕುರಿಹಾರಾ ಅವರಿಗೆ ಸಾಧ್ಯವಿರಲಿಲ್ಲ. ಗಂಡ ಬಸ್ಸಿನಲ್ಲಿ ಆಡಿದ ಮಾತೂ ಅದೇ ಆಗಿತ್ತು.

ಬಾಂಬಿಗೆ ಬಲಿಯಾದವರೆಲ್ಲ ಜಪಾನಿಯರೂ ಅಲ್ಲ. ಕೊರಿಯಾ ಆಗ ಜಪಾನಿನ ವಸಾಹತಾಗಿತ್ತು. ದುಡಿಮೆಗೆಂದು ಬಂದವರು, ಎಳೆದು ತರಲ್ಪಟ್ಟವರು ಸೇರಿ ಸಾವಿರಾರು ಕೊರಿಯನ್ನರು ಹಿರೋಶಿಮಾದಲ್ಲಿ ಸತ್ತರು. ಅವರ ಸ್ಮಾರಕ 1970ರಲ್ಲಿ ನಿರ್ಮಾಣವಾದದ್ದು ಶಾಂತಿ ಉದ್ಯಾನದ ಹೊರಗೆ. ಅದು ಉದ್ಯಾನದ ಒಳಗೆ ಬಂದದ್ದು 1999ರಲ್ಲಿ. ಸತ್ತವರ ನಡುವೆಯೂ ಒಳಗಿನವರು, ಹೊರಗಿನವರು ಎಂಬ ಭೇದ ಮುಂದುವರಿದಿದ್ದ ಊರಿನಲ್ಲಿ ಕೂತು, 'ಹಿರೋಶಿಮಾ ಎಂದಾಗ' ಬರೆದ ಕವಿಗೆ ಏಷ್ಯಾದ ಸತ್ತವರ ಸಿಟ್ಟು ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕವಿತೆಯ ಕಾಲವನ್ನೂ ಗಮನಿಸಬೇಕು. 1972ರಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು, ಅದಕ್ಕೆ ಜಪಾನಿನಲ್ಲಿದ್ದ ಅಮೆರಿಕದ ನೆಲೆಗಳು ಬಳಕೆಯಾಗುತ್ತಿದ್ದವು. ಅಂಥ ಒಂದು ನೆಲೆ, ಇವಾಕುನಿ, ಹಿರೋಶಿಮಾದ ಪಕ್ಕದಲ್ಲೇ ಇದೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುವ ನಾಗರಿಕ ಚಳವಳಿಯಲ್ಲಿ ಕುರಿಹಾರಾ ತೊಡಗಿಕೊಂಡಿದ್ದರು. ಜಪಾನಿನ 1947ರ ಸಂವಿಧಾನದ ಒಂಬತ್ತನೆಯ ವಿಧಿ ಯುದ್ಧವನ್ನು ತ್ಯಜಿಸಿದೆ, ಆದರೂ 1954ರಲ್ಲಿ ಆತ್ಮರಕ್ಷಣಾ ಪಡೆ ಎಂಬ ಹೆಸರಿನಲ್ಲಿ ಸೇನೆ ಮರಳಿ ಬಂದಿತ್ತು. ಆದ್ದರಿಂದ ಆ ಕವಿತೆಯಲ್ಲಿ ಕೈ ಶುಚಿಗೊಳಿಸುವುದೆಂದರೆ ಬರೀ ಪಶ್ಚಾತ್ತಾಪದ ಮಾತಲ್ಲ. ಎಸೆದಿದ್ದೇವೆ ಎಂದು ಹೇಳಿಕೊಂಡ ಆಯುಧಗಳನ್ನು ನಿಜವಾಗಿ ಎಸೆಯಬೇಕು, ಪರದೇಶದ ನೆಲೆಗಳನ್ನು ತೆಗೆಸಬೇಕು ಎಂದು ಅದು ಸ್ಪಷ್ಟವಾಗಿಯೇ ಕೇಳುತ್ತದೆ. ಹಳೆಯ ತಪ್ಪಿಗೆ ತಲೆಬಾಗಿಸಿ ಸುಮ್ಮನಾಗುವ ಕವಿತೆ ಎಂದು ಅದನ್ನು ಓದುವವರು ಈ ಸಾಲುಗಳನ್ನು ದಾಟಿಹೋಗಿರುತ್ತಾರೆ.

ಹಾಗಾದರೆ ಬಾಂಬು ಹಾಕಿದವರಿಗೆ ಇದರಿಂದ ನೆಪ ಸಿಗುತ್ತದೆಯೇ? ಸಿಗುವುದಿಲ್ಲ. ನಾನ್‌ಜಿಂಗ್‌ನಲ್ಲಿ ಕೊಂದ ಸೈನಿಕನ ಲೆಕ್ಕವನ್ನು ಹಿರೋಶಿಮಾದ ನೆಲಮಾಳಿಗೆಯಲ್ಲಿ ಹುಟ್ಟಿದ ಮಗುವಿನಿಂದ ವಸೂಲು ಮಾಡಬಹುದು ಎಂದು ಕುರಿಹಾರಾ ಎಲ್ಲಿಯೂ ಒಪ್ಪಿಲ್ಲ. ಅವರು ಜೀವಮಾನವಿಡೀ ಅಣ್ವಸ್ತ್ರಗಳ ವಿರುದ್ಧ ಬರೆದರು, ಬೀದಿಗಿಳಿದರು. ಆ ವಿರೋಧ ಜಪಾನಿಯರ ದುಃಖದ ಪ್ರದರ್ಶನವಾಗಿ ಉಳಿದರೆ ನಾನ್‌ಜಿಂಗ್‌ನವರೂ ಮನಿಲಾದವರೂ ಅದಕ್ಕೆ ಕಿವಿಗೊಡಬೇಕಾದ ಕಾರಣವೇನು ಎಂಬುದು ಅವರ ಚಿಂತೆಯಾಗಿತ್ತು. 1945ರ ಫೆಬ್ರವರಿಯಲ್ಲಿ ಮನಿಲಾದಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಆಗಸ್ಟ್‌ನ ಸುದ್ದಿ ಬಿಡುಗಡೆಯ ಸುದ್ದಿಯಾಗಿ ಕೇಳಿಸಿರಬಹುದು. ಆ ತಾಯಿಯನ್ನೂ ಒಳಗೊಳ್ಳದ ಅಣ್ವಸ್ತ್ರ ವಿರೋಧ ಎಷ್ಟು ದೂರ ಹೋದೀತು? ತಮ್ಮವರ ತಪ್ಪನ್ನು ಎಣಿಸಿದ್ದರಿಂದ ಕುರಿಹಾರಾ ಅವರ ದನಿ ದುರ್ಬಲವಾಗಲಿಲ್ಲ. ಹಿರೋಶಿಮಾದ ಮಾತನ್ನು ಕೇಳಲು ಮನಸ್ಸಿಲ್ಲದವರ ಎದುರಿಗೂ ನಿಂತು ಮಾತನಾಡುವ ಹಕ್ಕು ಅವರಿಗೆ ಅದರಿಂದಲೇ ದಕ್ಕಿತು ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಅವರು ಬೆಲೆ ತೆರಲಿಲ್ಲವೆಂದಲ್ಲ. ನೊಂದವರ ಬಗ್ಗೆ ಮರುಕ ತೋರಿಸುವ ಸಮಾಜಕ್ಕೆ, ನೊಂದವರು ಅಳುತ್ತ ಕೂತಿದ್ದರೆ ಸಾಕೆಂಬ ನಿರೀಕ್ಷೆ ಇರುತ್ತದೆ. ಅವರೇ ಎದ್ದು ಪ್ರಶ್ನೆ ಕೇಳಿದರೆ ಮರುಕ ಬೇಗ ಆರಿಹೋಗುತ್ತದೆ. ಕುರಿಹಾರಾ ಆ ಮರುಕವನ್ನು ಬಯಸಲಿಲ್ಲ. 1990ರಲ್ಲಿ ಅವರಿಗೆ ತಾನಿಮೊತೊ ಕಿಯೋಶಿ ಶಾಂತಿ ಪ್ರಶಸ್ತಿ ಬಂತು. ಆಗಲೂ ಅವರು ಬರೆಯುತ್ತಿದ್ದರು.

ಇಷ್ಟಾದ ಮೇಲೂ ನನ್ನ ಉತ್ತರ ಕೆಲವರಿಗೆ ಒಪ್ಪಿಗೆಯಾಗದೆ ಇರಬಹುದು. ಅಂಥವರಲ್ಲಿ ನನ್ನದೊಂದು ಕೋರಿಕೆಯಿದೆ. 1972ರ ಕವಿತೆಯನ್ನು ಒಂದನ್ನೇ ಓದಬೇಡಿ. ಮೊದಲು 1942ರ 'ಯುದ್ಧವೆಂದರೇನು' ಓದಿ, ಆಮೇಲೆ ಸೂಲಗಿತ್ತಿಯ ಕವಿತೆ, ಕೊನೆಗೆ 'ಹಿರೋಶಿಮಾ ಎಂದಾಗ'. ಬಚ್ಚಿಟ್ಟು ಬರೆದ ಆ ಮೊದಲ ಕವಿತೆಯಲ್ಲಿ ಅವರು ಎದುರಿಸಿದ್ದು ತಮ್ಮದೇ ದೇಶದ ಸೈನ್ಯವನ್ನು. ಮೂವತ್ತು ವರ್ಷಗಳ ನಂತರ ಕೈಗಳ ಕೊಳೆಯ ಬಗ್ಗೆ ಬರೆಯುವಾಗ ಅವರು ಹೊಸದೇನನ್ನೂ ಸೇರಿಸಿರಲಿಲ್ಲ. ಆಗ ಹೇಳಲು ಬಿಡದಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದ್ದರು.