ಮ್ಯಾಗ್ನೆಟ್ ಹಿಡಿಯದ ಮಡ್‌ಗಾರ್ಡ್

ಆಕ್ಸ್‌ಫರ್ಡ್‌ನ ಕೌಲಿಯಲ್ಲಿ ನನ್ನ ಮನೆ. ಒಂದು ಕಾಲಕ್ಕೆ ಮೋರಿಸ್ ಕಾರು ಕಾರ್ಖಾನೆ ಇದ್ದ ಜಾಗ ಇದು. ಈಗ ಅಲ್ಲಿ ಆಫೀಸು ಕಟ್ಟಡಗಳು. ಪಕ್ಕದಲ್ಲಿ, ಕಾರಿನ ಬಾಡಿ ಮಾಡುತ್ತಿದ್ದ ಹಳೇ ಪ್ರೆಸ್ಡ್ ಸ್ಟೀಲ್ ಕಂಪನಿಯ ಜಾಗದಲ್ಲಿ ಮಿನಿ ಕಾರು ತಯಾರಾಗುತ್ತದೆ.

ನಮ್ಮ ಬೀದಿಯ ಹಿರಿಯರೊಬ್ಬರ ಶೆಡ್ಡಿನಲ್ಲಿ 1957ರ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ನಿಂತಿದೆ. ಮೊದಲ ಸಲ ಕಂಡಾಗ ಬಾಯಿಂದ ಬಂದದ್ದು, 'ಅರೆ, ನಮ್ಮ ಅಂಬಾಸಿಡರ್!' ನಿಜವಾಗಿಯೂ ಅಂಬಾಸಿಡರ್ ಹುಟ್ಟಿದ್ದು ಇದರಿಂದಲೇ. ಇಲ್ಲಿ ಸೀರೀಸ್ 3 1959ಕ್ಕೇ ನಿಂತಿತು. ನಮ್ಮಲ್ಲಿ ಅದೇ ಮೈಕಟ್ಟಿನ ಕಾರು 2014ರವರೆಗೂ ತಯಾರಾಯಿತು. ಹಾಸನದಲ್ಲಿ ಅಪ್ಪ ಬಾಡಿಗೆಗೆ ಓಡಿಸುತ್ತಿದ್ದದ್ದೂ ಅಂಬಾಸಿಡರನ್ನೇ. ಹಾಗಾಗಿ ಶನಿವಾರ ಬಂದರೆ ನಾನು ಆ ಶೆಡ್ಡಿನಲ್ಲಿ, ಅವರ ಜೊತೆ ಕಾರು ರಿಪೇರಿ ಮಾಡುತ್ತಿರುತ್ತೇನೆ.

ಎಡಗಡೆಯ ಮುಂದಿನ ಮಡ್‌ಗಾರ್ಡ್ ನನ್ನ ಪಾಲಿಗೆ ಬಂತು. ಇಲ್ಲಿಯವರು ಅದಕ್ಕೆ ವಿಂಗ್ ಅನ್ನುತ್ತಾರೆ. ಹೊರಗಿನಿಂದ ನುಣ್ಣಗಿತ್ತು. ಆದರೆ ಹೆಡ್‌ಲೈಟಿನ ಹಿಂದೆ ಮ್ಯಾಗ್ನೆಟ್ ಹಿಡಿಯಲೇ ಇಲ್ಲ. ಬಣ್ಣ ಕೆರೆದರೆ ಅರ್ಧ ಇಂಚು ದಪ್ಪ ಪುಟ್ಟಿ! ಮಾಸ್ಕ್ ಹಾಕಿಕೊಂಡು ಅದನ್ನೆಲ್ಲ ತೆಗೆದೆವು. ಅಡಿಯಲ್ಲಿ ತಟ್ಟೆಯಗಲದ ನೆಗ್ಗು, ಸುತ್ತ ತುಕ್ಕು.

ನಾನು ಒಳಗಿನಿಂದ ಸುತ್ತಿಗೆ ಹಾಕಲು ಹೋದೆ. ಹಿರಿಯರು ತಡೆದರು. 'ಮೊದಲು ಏಟು ಎಲ್ಲಿಂದ ಬಿತ್ತು ನೋಡು' ಅಂದರು. ತಗಡು ಒಳಕ್ಕೆ ಹೋಗುವಾಗ ಸುತ್ತ ಒಂದು ದಿಣ್ಣೆ ಏಳುತ್ತದೆ. ನೆಗ್ಗನ್ನು ಅಲ್ಲೇ ಹಿಡಿದಿಟ್ಟಿರುವುದು ಆ ದಿಣ್ಣೆ. ಕೊನೆಗೆ ಎದ್ದದ್ದನ್ನು ಮೊದಲು ಇಳಿಸಬೇಕು. ತಗ್ಗಿನ ಹಿಂದೆ ಡಾಲಿ ಒತ್ತಿ ಹಿಡಿದು, ಹೊರಗಿನಿಂದ ದಿಣ್ಣೆಯ ಮೇಲೆ ಮೆತ್ತಗೆ ತಟ್ಟಬೇಕು. ಡಾಲಿ ಅಂದರೆ ಕಮ್ಮಾರರ ಅಡಿಗಲ್ಲಿನ ಮರಿ ಅನ್ನಿ, ಅಂಗೈಯಲ್ಲಿ ಹಿಡಿಯುವಷ್ಟು. ದಿಣ್ಣೆ ಇಳಿಯುತ್ತಾ ಬಂದ ಹಾಗೆ ತಗ್ಗು ತಾನಾಗಿ ಮೇಲೇಳುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ.

ಕಿವಿಯೂ ಬೇಕು ಈ ಕೆಲಸಕ್ಕೆ. ಸುತ್ತಿಗೆ ನೇರ ಡಾಲಿಯ ಮೇಲೆ ಬಿದ್ದರೆ 'ಟಣ್' ಅನ್ನುತ್ತದೆ. ಪಕ್ಕಕ್ಕೆ ಬಿದ್ದರೆ ಮಂಕಾದ ಸದ್ದು. ನಾನು ಅವಸರದಲ್ಲಿ ಒಂದೇ ಕಡೆ ಟಣ್ ಟಣ್ ಎಂದು ಜಾಸ್ತಿ ಬಡಿದೆ. ಎರಡರ ನಡುವೆ ಸಿಕ್ಕಿದ ತಗಡು ತೆಳುವಾಗಿ ಹಿಗ್ಗಿತು. ಡಬ್ಬದ ಮುಚ್ಚಳದ ಹಾಗೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ. ಬಹಳ ಸಂಕಟವಾಯಿತು. ಅವರು ಬೈಯಲಿಲ್ಲ. ಗ್ಯಾಸ್ ಜ್ವಾಲೆಯಿಂದ ನಾಣ್ಯದಷ್ಟು ಜಾಗ ಮಾತ್ರ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರು. ಚುಂಯ್ ಅಂತು. ಹಿಗ್ಗಿದ ತಗಡು ಬಿಗಿಯಿತು. ಹಾಗೆ ಐದು ಕಡೆ.

ಆಮೇಲೆ ಅರ ಹಿಡಿದು ಉಜ್ಜಿದೆ. ಎತ್ತರ ಇದ್ದಲ್ಲಿ ಹೊಳಪು, ತಗ್ಗಿದ್ದಲ್ಲಿ ಕಪ್ಪು. ಕೊನೆಗೆ ತೆಳು ಹತ್ತಿಯ ಗ್ಲೌಸ್ ಹಾಕಿ, ಕಣ್ಣು ಮುಚ್ಚಿ ಅಂಗೈ ಆಡಿಸುವುದು. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ. ಹಾಸನದ ಬಸ್ ಸ್ಟ್ಯಾಂಡ್ ಹಿಂದಿನ ಟಿಂಕರಿಂಗ್ ಮೇಸ್ತ್ರಿಯೂ ಹೀಗೇ ಕೈ ಆಡಿಸುತ್ತಿದ್ದರು, ಈಗ ನೆನಪಾಗುತ್ತದೆ. ಅವರೂ ಪುಟ್ಟಿ ಜಾಸ್ತಿ ಮೆತ್ತುತ್ತಿದ್ದರು, ನಿಜ. ಆದರೆ ಅಪ್ಪನ ಕಾರು ಸಂಜೆಗೆ ಬಾಡಿಗೆಗೆ ಹೊರಡಬೇಕಿತ್ತಲ್ವಾ. ಇಲ್ಲಿ ನಮಗೆ ಆರು ಶನಿವಾರ ಹಿಡಿಯಿತು.

ಕಳೆದ ವಾರ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ತುಂಬಾ ಹೊತ್ತು ಸುಮ್ನೆ ನೋಡಿದರು. 'ಒಂದು ಚೊಂಬು ನೀರು ಸುರಿದು, ಬೆಳಕಿಗೆ ಓರೆಯಾಗಿ ನಿಂತು ನೋಡೋ' ಅಂದರು.

ಸುರಿದೆ. ಒದ್ದೆ ತಗಡಿನಲ್ಲಿ ಕಿಟಕಿಯ ಪ್ರತಿಬಿಂಬ ನೇರವಾಗಿ ಬಂದು, ಹೆಡ್‌ಲೈಟಿನ ಹತ್ತಿರ ಚೂರು ಬಾಗಿತ್ತು. ಹಿರಿಯರು ನೀರು ಒರೆಸಿ, ಆ ಜಾಗಕ್ಕೆ ಸೀಮೆಸುಣ್ಣದಿಂದ ಒಂದು ಸುತ್ತು ಹಾಕಿ, ಡಾಲಿಯನ್ನು ನನ್ನ ಕೈಗೆ ಕೊಟ್ಟರು.